ಹಳ್ಳಿಯವರಿಗೆ ಬೆಳಿಗ್ಗೆ, ಊರಿನವರಿಗೆ ಸಂಜೆ

ಆ ಹುಡುಗಿಯ ಕೇಸ್ ಪೇಪರಿನಲ್ಲಿ ನನ್ನ ಕೈಬರಹದ ಒಂದು ಸಾಲಿದೆ: "ಪರೀಕ್ಷೆಯಲ್ಲಿ ದೋಷವಿಲ್ಲ. ಶಾಲೆ ತಪ್ಪಿಸಲು ನಾಟಕ. ತಾಯಿಗೆ ತಿಳಿಹೇಳಲಾಗಿದೆ." ಕೊನೆಯ ಎರಡು ಪದಗಳ ಕೆಳಗೆ ಗೆರೆ ಬೇರೆ ಎಳೆದಿದ್ದೇನೆ. ನನ್ನ ಅಕ್ಷರ ನನಗೇ ತಿಳಿಯುವುದಿಲ್ಲ ಎಂದು ಮೆಡಿಕಲ್ ಅಂಗಡಿಯವರು ನಗುತ್ತಾರೆ. ಆ ಸಾಲು ಮಾತ್ರ ಹಾಳಾದ್ದು, ಎಷ್ಟು ದುಂಡಗೆ ಬಂದಿದೆ ಎಂದರೆ ಯಾರು ಬೇಕಾದರೂ ಓದಬಹುದು.

ಬೀದರಿನಲ್ಲಿ ನನ್ನದು ಮಕ್ಕಳ ದವಾಖಾನೆ. ಬಾಗಿಲ ಪಕ್ಕದಲ್ಲಿ ಒಂದು ಬೋರ್ಡು ಇತ್ತು. ಹಳ್ಳಿಯವರಿಗೆ ಬೆಳಿಗ್ಗೆ, ಊರಿನವರಿಗೆ ಸಂಜೆ. ಈ ಪದ್ಧತಿ ನಾನೇ ಮಾಡಿದ್ದು, ಅದರ ಬಗ್ಗೆ ನನಗೆ ಬಹಳ ಹೆಮ್ಮೆಯೂ ಇತ್ತು. ಔರಾದ ಕಡೆಯವರು, ಭಾಲ್ಕಿ ಕಡೆಯವರು ಬೆಳಗಿನ ಮೊದಲ ಬಸ್ಸು ಹಿಡಿದು ಬಂದರೆ ಒಂಬತ್ತರಿಂದ ಒಂದರೊಳಗೆ ಅವರನ್ನೆಲ್ಲ ನೋಡಿ ಕಳಿಸುತ್ತಿದ್ದೆ. ಹೊತ್ತಿರುವಾಗಲೇ ಅವರು ಮನೆ ಸೇರಬೇಕು, ಕೂಸು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಒದ್ದಾಡಬಾರದು ಎಂಬ ಕಾಳಜಿ. ಊರಿನವರು ಹೇಗೂ ಇಲ್ಲೇ ಇರುವವರು, ಅವರು ಸಂಜೆ ಬರಲಿ. ಬೇರೆ ಡಾಕ್ಟರುಗಳು ಹಳ್ಳಿಯವರನ್ನು ದಿನವಿಡೀ ಕೂರಿಸುತ್ತಾರೆ, ನಾನು ಹಾಗಲ್ಲ ಎಂದು ನೆಂಟರ ಮದುವೆಯ ಊಟದಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಆ ತಾಯಿ ಮಗಳು ಮೊದಲ ಸಲ ಬಂದದ್ದು ಮುಂಗಾರು ಬಿತ್ತನೆ ಮುಗಿದ ವಾರ. ಠಾಣಾ ಕುಶನೂರದಿಂದ ಇನ್ನೂ ಮೂರು ಕಿಲೋಮೀಟರ್ ಒಳಗಿನ ಹಳ್ಳಿ, ಹೆಸರು ಬೇಡ. ಕುರಿ ಸಾಕಿದ ಮನೆತನ, ಜೊತೆಗೆ ತೊಗರಿ, ಸೋಯಾ ಬೆಳೆಯುವ ಸ್ವಲ್ಪ ಹೊಲ. ಹುಡುಗಿಗೆ ಒಂಬತ್ತು ವರ್ಷ. ಎರಡು ಜಡೆ, ಕೈಯಲ್ಲಿ ಬಿಸ್ಕೀಟಿನ ಪುಡಿಕೆ, ಒಳಗೆ ಬಂದವಳೇ ನನ್ನ ತೂಕದ ಯಂತ್ರದ ಮೇಲೆ ತಾನಾಗಿ ಹತ್ತಿ ನಿಂತಳು.

"ಏನಾಗ್ಯದವ್ವ?" ಎಂದು ತಾಯಿಯನ್ನು ಕೇಳಿದೆ.

"ಮುಂಜಾನಿ ಚಲೋ ಇರ್ತಾಳ್ರಿ ಮೇಡಂ. ಮಧ್ಯಾನ ದಾಟ್ತಂದ್ರ ಎಡಗಾಲ್ ಒಳಗ ತಿರುವ್ತದ್ರಿ. ಸಂಜಿಕ ಎರಡೂ ಕಾಲ್ ಕಟಗಿ ಆಗ್ತಾವ, ಬಿಲ್ಕುಲ್ ನಡೀಲಾಕ ಬರಲ್ರಿ. ಮಕ್ಕೊಂಡ್ ಎದ್ಲಂದ್ರ ಮತ್ತ ಏನೂ ಇಲ್ರಿ, ಜಿಂಕಿ ಹಂಗ ಓಡ್ತಾಳ."

ಈಗ ಈ ಮಾತು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸು ನನ್ನ ಪಠ್ಯಪುಸ್ತಕದ ಒಂದು ಪುಟವನ್ನು ಇದ್ದದ್ದು ಇದ್ದಹಾಗೆ ನನ್ನ ಮುಂದೆ ಹೇಳಿದ್ದಳು. ನಾನು ಕೇಳಿಸಿಕೊಂಡೆ, ತಲೆ ಆಡಿಸಿದೆ, ಹುಡುಗಿಗೆ "ನಡೆದು ತೋರಿಸು" ಎಂದೆ. ಹುಡುಗಿ ಬಾಗಿಲವರೆಗೆ ಹೋಗಿ ಬಂದಳು. "ಓಡು" ಎಂದೆ. ಓಡಿದಳು. ಕಾಲಿನ ಬಿಗಿತ ನೋಡಿದೆ, ಮಂಡಿಗೆ ಸುತ್ತಿಗೆಯಿಂದ ಬಡಿದು ನೋಡಿದೆ, ಅಂಗಾಲು ಗೀಚಿ ನೋಡಿದೆ. ಎಡಗಾಲಿನ ಹೆಬ್ಬೆರಳು ಸುಮ್ಮನಿದ್ದಾಗಲೂ ತುಸು ಮೇಲೆದ್ದಂತೆ ಇತ್ತು. ನೋಡಿದೆ, ಬರೆಯಲಿಲ್ಲ. ಹೊರಗೆ ಇನ್ನೂ ಇಪ್ಪತ್ತು ಮಂದಿ ಹಳ್ಳಿಯವರು ಕೂತಿದ್ದರು, ಅವರಿಗೆಲ್ಲ ಬಸ್ಸಿತ್ತು. ಕ್ಯಾಲ್ಸಿಯಂ ಸಿರಪ್ಪು ಬರೆದು ಕಳಿಸಿದೆ.

ಎರಡನೆಯ ಸಲ ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆ, ಮೆದುಳಿನ ಸ್ಕ್ಯಾನಿಗೆ ಹೈದರಾಬಾದಿಗೆ ಕಳಿಸಿದೆ. ಎಲ್ಲವೂ ಚೆನ್ನಾಗಿ ಬಂತು. ಮೂರನೆಯ ಸಲ ತಾಯಿ ಒಂದು ಪ್ಲಾಸ್ಟಿಕ್ ಚೀಲದಿಂದ ಮಗಳ ಹಳೆಯ ಚಪ್ಪಲಿ ತೆಗೆದು ನನ್ನ ಮೇಜಿನ ಮೇಲೆಯೇ ಇಟ್ಟಳು. ಎಡ ಚಪ್ಪಲಿಯ ಮುಂತುದಿ ಒಂದು ಪಕ್ಕಕ್ಕೆ ಸವೆದು ತೂತು ಬಿದ್ದಿತ್ತು, ಹಿಮ್ಮಡಿಯ ಕಡೆ ಹೊಸದರ ಹಾಗಿತ್ತು.

"ಇದನ್ನರ ನೋಡ್ರಿ ಮೇಡಂ. ಚಪ್ಲಿ ಸುಳ್ ಹೇಳ್ತದೇನ್ರಿ?"

ಆಕೆ ಹತಾಶೆಯಿಂದ ಕೇಳಿದ್ದಳು. ನನಗೆ ಅದು ಉದ್ಧಟತನ ಅನ್ನಿಸಿತು. ಮೇಜಿನ ಮೇಲೆ ಚಪ್ಪಲಿ ಇಟ್ಟದ್ದಕ್ಕೆ ಸಿಟ್ಟು ಬಂತು. ನನ್ನ ಬಾಯಿ ಮೊದಲೇ ಒಳ್ಳೆಯದಲ್ಲ, ಅವತ್ತು ಇನ್ನೂ ಹೊಲಸಾಯಿತು. "ನಿನ್ನ ಮಗಳು ನಾಟಕ ಮಾಡ್ಲತ್ತಾಳ, ನೀನು ತಾಳ ಹಾಕ್ಲತ್ತೀದಿ" ಎಂದೆ. ರೋಗವಿದ್ದರೆ ಬೆಳಿಗ್ಗೆ ಇಲ್ಲದೆ ಸಂಜೆ ಬರುವುದೇನು, ರೋಗಕ್ಕೆ ಗಡಿಯಾರ ಗೊತ್ತೇ ಎಂದೆ. ಆಮೇಲೆ ನನ್ನ ಸಲಹೆ ಕೊಟ್ಟೆ: ಆಕೆ ಬಿದ್ದರೆ ಎತ್ತಬೇಡ. ಹತ್ತಿರ ಹೋಗಬೇಡ. ಯಾರೂ ನೋಡುವುದಿಲ್ಲ ಎಂದು ಗೊತ್ತಾದರೆ ತಾನೇ ಎದ್ದು ನಡೆಯುತ್ತಾಳೆ. ಶಾಲೆಗೂ ಒಂದು ಚೀಟಿ ಬರೆದುಕೊಟ್ಟೆ, ಈ ಮಗುವಿಗೆ ದೈಹಿಕ ತೊಂದರೆ ಏನೂ ಇಲ್ಲ ಎಂದು. ಕೇಸ್ ಪೇಪರಿನ ಆ ದುಂಡು ಸಾಲು ಅವತ್ತಿನದು.

ಹುಡುಗಿ ಅಳಲಿಲ್ಲ. ಮೇಜಿನ ಮೇಲಿನ ಚಪ್ಪಲಿ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಸೋಯಾ ರಾಶಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವರು ಮತ್ತೆ ಬಂದರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತು ಬೀದರ ಮುಟ್ಟುವಾಗ ಐದೂವರೆ ಆಗಿತ್ತಂತೆ. ನನ್ನ ಜೊತೆ ಇಪ್ಪತ್ತು ವರ್ಷದಿಂದ ಇರುವ ನರ್ಸಮ್ಮ, ನಾವೆಲ್ಲ ಸಿಸ್ಟರ್ ಎನ್ನುವವರು, ಒಳಗೆ ಬಂದು ಹೇಳಿದರು: "ಮೇಡಂ, ಕುಶನೂರ ಕಡಿ ಆ ಪೋರಿ ಬಂದಾಳ್ರಿ. ಅವರವ್ವ ಬೆನ್ನಮ್ಯಾಲ ಹೊತ್ಕೊಂಡ್ ಬಂದಾಳ. ಕಾಲ್ ಒಂದೀಟ್ ನೋಡ್ರಿ, ನನಗ್ಯಾಕೋ ಬರೋಬರ್ ಅನಸವಲ್ದು."

"ಬೋರ್ಡ್ ಯಾಕ ಹಾಕೀವಿ ಸಿಸ್ಟರ್? ಒಬ್ಬರಿಗಿ ಬಿಟ್ರ ನಾಳಿ ಎಲ್ಲಾರೂ ಸಂಜೀಕೇ ಬರ್ತಾರ. ಮುಂಜಾನಿ ಬರ್ಲಾಕ ಹೇಳ್ರಿ."

ತೆರೆದ ಬಾಗಿಲಿನಿಂದ ನಾನೂ ನೋಡಿದ್ದೆ. ತಾಯಿಯ ಬೆನ್ನಿನ ಮೇಲೆ ಹುಡುಗಿ, ಎರಡು ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು. ಒಂಬತ್ತು ವರ್ಷದವಳನ್ನು ಹೊತ್ತು ತಿರುಗುತ್ತಾಳಲ್ಲ, ನಾನು ಇಷ್ಟು ಹೇಳಿದರೂ ಈ ಹೆಂಗಸಿಗೆ ಬುದ್ಧಿ ಬರಲಿಲ್ಲವಲ್ಲ ಎಂದುಕೊಂಡೆ. ಅವರು ಆ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗಿ ಬೆಳಿಗ್ಗೆ ಒಂಬತ್ತಕ್ಕೆ ಬಂದರು. ನಿದ್ದೆ ಮಾಡಿ ಎದ್ದ ಹುಡುಗಿ ನನ್ನ ಮುಂದೆ ಚೆಂದಾಗಿ ನಡೆದು ತೋರಿಸಿದಳು. "ನೋಡಿದ್ಯಾ?" ಎಂದು ನಾನು ತಾಯಿಗೆ ಹೇಳಿದೆ. ಗೆದ್ದವಳ ಹಾಗೆ ಹೇಳಿದೆ. ಆಕೆ ಆಮೇಲೆ ಬರಲಿಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಭಾಲ್ಕಿಯಲ್ಲಿ ಅಂಗವಿಕಲರ ಪ್ರಮಾಣಪತ್ರದ ಶಿಬಿರ ಇರುತ್ತದೆ. ಮಕ್ಕಳನ್ನು ನೋಡಲು ನನ್ನನ್ನು ಕರೆಯುತ್ತಾರೆ, ದೊಡ್ಡವರನ್ನು ಮೂಳೆ ಡಾಕ್ಟರು ನೋಡುತ್ತಾರೆ. ಚಳಿಗಾಲದ ಶಿಬಿರ, ತೊಗರಿ ಕೊಯ್ಲಿನ ದಿನ, ಆದರೂ ಜನ ಜಾತ್ರೆ. ಸಂಜೆ ನಾಲ್ಕೂವರೆಗೆ ಚಹಾ ಕುಡಿಯಲು ಹಿಂದಿನ ವರಾಂಡಕ್ಕೆ ಹೋದೆ.

ಗೋಡೆಗೆ ಒರಗಿ ಇಬ್ಬರು ಕೂತಿದ್ದರು. ಒಬ್ಬಳು ನಲವತ್ತು ದಾಟಿದ ಹೆಂಗಸು, ಪಕ್ಕದಲ್ಲಿ ಊರುಗೋಲು. ಇನ್ನೊಬ್ಬಳು ಆ ಹುಡುಗಿ. ಅವರ ಮುಖ ಇನ್ನೊಂದು ಕಡೆಗಿತ್ತು, ನಾನಿರುವುದು ಅವರಿಗೆ ಗೊತ್ತಿರಲಿಲ್ಲ. ಹುಡುಗಿ ಎದ್ದು ನೀರಿನ ಕೊಡದ ಕಡೆ ಹೋಗಲು ನೋಡಿದಳು. ಎಡಪಾದ ಒಳಕ್ಕೆ ತಿರುಚಿ, ಹಿಮ್ಮಡಿ ನೆಲದಿಂದ ಎದ್ದು, ಬೆರಳೆಲ್ಲ ಮುದುಡಿ, ಹೆಬ್ಬೆರಳು ಒಂದೇ ಆಕಾಶ ನೋಡುತ್ತಿತ್ತು. ಸೊಂಟ ಹಿಂದಕ್ಕೆ ಬಾಗಿತ್ತು. ನಾಲ್ಕು ಹೆಜ್ಜೆ ಇಟ್ಟು ಬಿದ್ದಳು. ಅತ್ತಿತ್ತ ಯಾರನ್ನೂ ನೋಡಲಿಲ್ಲ, ಕೂಗಲಿಲ್ಲ. ಅಂಗೈ ಊರಿ, ಮಂಡಿ ಎಳೆಯುತ್ತ, ದಿನಾ ಮಾಡುವ ಕೆಲಸದ ಹಾಗೆ ಕೊಡದ ಕಡೆ ತೆವಳತೊಡಗಿದಳು. ಮಂಡಿಯ ಮೇಲೆ ಒಣಗಿದ ಗಾಯ, ಅದರ ಮೇಲೆ ಹಸಿ ಗಾಯ.

ಅವಳ ತಾಯಿ ಎರಡು ಮಾರು ದೂರದಲ್ಲಿ ಕಂಬ ಹಿಡಿದು ನಿಂತಿದ್ದಳು. ನಿಂತೇ ಇದ್ದಳು.

"ಅಯ್ಯ, ಎತ್ತವ್ವಾ ಆಕೀಗಿ!" ಎಂದು ನಾನು ಕೂಗಿದೆ.

ಆಕೆ ತಿರುಗಿದಳು, ನನ್ನ ಗುರುತು ಹಿಡಿದಳು. "ನೀವೇ ಹೇಳೀರಲ್ರಿ ಮೇಡಂ, ಎತ್ತಬ್ಯಾಡ ಅಂತ."

ಕೈಯಲ್ಲಿದ್ದ ಚಹಾದ ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ನಾನೇ ಹೋಗಿ ಹುಡುಗಿಯನ್ನು ಎತ್ತಿದೆ. ಅವಳ ಮೀನಖಂಡ ಕಟ್ಟಿಗೆಯಂತೆ ಬಿಗಿದಿತ್ತು, ಕೈಯಿಂದ ಪಾದ ನೇರ ಮಾಡಲು ಹೋದರೆ ಮತ್ತೆ ಒಳಕ್ಕೇ ಎಳೆಯುತ್ತಿತ್ತು. ನಾಟಕಕ್ಕೆ ನೋಡುವವರು ಬೇಕು. ಆ ವರಾಂಡದಲ್ಲಿ ಮನೆಯವರಲ್ಲದೆ ಬೇರೆ ಯಾರೂ ಇರಲಿಲ್ಲ. ಮತ್ತೆ ಗೋಡೆಗೆ ಒರಗಿದ ಹೆಂಗಸಿನ ಕಡೆ ನೋಡಿದೆ. ಸೀರೆಯ ಅಂಚಿನ ಕೆಳಗೆ ಅದೇ ಪಾದ ಇತ್ತು, ಅದೇ ತಿರುವು, ಅದೇ ಮೇಲೆದ್ದ ಹೆಬ್ಬೆರಳು.

"ಇವರ್ಯಾರು?"

"ಪೋರಿ ಸೋದರತ್ತಿರಿ. ಮೆಹಕರದಾಗ ಇರ್ತಾಳ. ಸರ್ಟಿಫಿಕೇಟ್ ಸಲಾಕ ಬಂದಾಳ, ನಾವು ಸಂಗಾಟ ಬಂದೀವಿ."

ಅತ್ತೆ ತಾನೇ ಮಾತಾಡಿದಳು. ಎಂಟನೇ ವರ್ಷಕ್ಕೆ ಕಾಲು ತಿರುಗಿತಂತೆ, ಯಾರೋ ಪೋಲಿಯೊ ಎಂದರಂತೆ, ಅಲ್ಲಿಗೆ ಮುಗಿಯಿತು. ಮದುವೆ ಆಗಲಿಲ್ಲ. ಮೆಹಕರದಲ್ಲಿ ಸೋದರಮಾವನ ಮನೆಯಲ್ಲಿದ್ದು ಹೊಲಿಗೆ ಮಾಡುತ್ತಾಳೆ. "ಮಿಷಿನ್ ಮಧ್ಯಾನತನಕ ತುಳಿತೇನ್ರಿ. ಆಮ್ಯಾಲ ಕಾಲ್ ಮಾತ್ ಕೇಳಂಗಿಲ್ಲ. ಮುಂಜಾನಿ ಮತ್ತ ತುಳಿತೇನಿ." ಪೋಲಿಯೊ ಕಾಲು ಬತ್ತಿ ಸಣ್ಣಗಾಗುತ್ತದೆ. ಇವಳ ಮೀನಖಂಡ ಗಟ್ಟಿಮುಟ್ಟಾಗಿ ದಪ್ಪವಾಗಿತ್ತು. ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಇರುವ ಪೋಲಿಯೊ ಭೂಮಿಯ ಮೇಲೆ ಇಲ್ಲ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯೇ ಎಂಬ ಪ್ರಶ್ನೆ ಮೊದಲ ವರ್ಷದ ವಿದ್ಯಾರ್ಥಿಯೂ ಕೇಳುತ್ತಾನೆ. ನಾನು ಒಂದು ಸಲವೂ ಕೇಳಿರಲಿಲ್ಲ.

ಅವತ್ತು ಮಾಡಿದ ಒಂದೇ ಸರಿಯಾದ ಕೆಲಸ ಹೇಳುತ್ತೇನೆ. ಹುಡುಗಿಯ ನಡಿಗೆಯನ್ನು ಮೊಬೈಲಿನಲ್ಲಿ ವಿಡಿಯೊ ತೆಗೆದೆ, ತಾಯಿ ಒಂದು ಕೈ ಹಿಡಿದಿದ್ದಳು. ಆಮೇಲೆ ಡಾಕ್ಟರುಗಳ ಕೋಣೆಯಲ್ಲಿ ಜಮಖಾನೆ ಹಾಸಿ ಅವಳನ್ನು ಮಲಗಿಸಿದೆ. ದಣಿದ ಕೂಸು, ತಕ್ಷಣ ನಿದ್ದೆ ಹೋಯಿತು. ಒಂದು ತಾಸಿನ ಮೇಲೆ ಎಬ್ಬಿಸಿ ಮತ್ತೆ ನಡೆಸಿದೆ. ಬಾಗಿಲವರೆಗೆ ನಡೆದಳು, ತಿರುಗಿದಳು, ಬಂದಳು. ಹಿಮ್ಮಡಿ ನೆಲ ಮುಟ್ಟುತ್ತಿತ್ತು. ಅದನ್ನೂ ವಿಡಿಯೊ ತೆಗೆದೆ.

ಹೈದರಾಬಾದಿನಲ್ಲಿ ನನ್ನ ಹಳೆಯ ಸಹಪಾಠಿ ಒಬ್ಬಳು ಮಕ್ಕಳ ನರರೋಗ ತಜ್ಞೆ. ಎರಡೂ ಕಳಿಸಿ ಫೋನ್ ಮಾಡಿದೆ. ಆಕೆ ನೋಡಿದ ಮೇಲೆ ಕೇಳಿದ್ದು ಒಂದೇ: "ಎಷ್ಟು ದಿನದಿಂದ ನೋಡ್ತಾ ಇದ್ದೀಯ?"

"ಏಳು ತಿಂಗಳು."

ಆಕೆ ಕಾಯಿಲೆಯ ಹೆಸರು ಹೇಳಿದಳು. ಅವಳು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಕಾಯಿಲೆಯ ಹೆಸರು ಡೋಪಾಗೆ ಮಣಿಯುವ ಡಿಸ್ಟೋನಿಯ. ಮೆದುಳಿನಲ್ಲಿ ಡೋಪಮಿನ್ ಎಂಬ ರಸ ಸಾಕಷ್ಟು ತಯಾರಾಗುವುದಿಲ್ಲ. ನಿದ್ದೆಯಲ್ಲಿ ಅಷ್ಟಿಷ್ಟು ಕೂಡಿಬೀಳುತ್ತದೆ, ಹಗಲು ಏರಿದಂತೆ ಖರ್ಚಾಗುತ್ತದೆ, ಸಂಜೆಗೆ ಸ್ನಾಯುಗಳು ತಾವೇ ತಿರುಚಿಕೊಳ್ಳುತ್ತವೆ. ಮನೆತನದಲ್ಲಿ ಬರುತ್ತದೆ, ಕೆಲವರ ಮೈಮೇಲೆ ಕಾಣಿಸಿಕೊಳ್ಳದೆ ಹಾಗೆಯೇ ಮುಂದಿನವರಿಗೆ ದಾಟುತ್ತದೆ. ಹುಡುಗಿಯ ಅಪ್ಪನಿಗೆ ಏನೂ ಇಲ್ಲ, ಅವನ ಅಕ್ಕನಿಗೂ ಮಗಳಿಗೂ ಬಂದಿದೆ. ಬಹಳ ಅಪರೂಪ, ಆದರೆ ಇಂಥ ಅಪರೂಪದ ಕಾಯಿಲೆಗಳ ನಡುವೆ ಇದಕ್ಕೊಂದು ಸುಲಭದ ಔಷಧಿ ಇದೆ. ಕೈ ನಡುಗುವ ಮುದುಕರಿಗೆ ಕೊಡುವ ಲೆವೊಡೋಪಾ ಗುಳಿಗೆಯ ಒಂದು ಚೂರು. ಕಾಲೇಜಿನ ಪರೀಕ್ಷೆಯಲ್ಲಿ ಇದರ ಬಗ್ಗೆ ಪ್ರಶ್ನೆ ಬಂದಿತ್ತು, ನಾನು ಸರಿಯಾಗಿಯೇ ಬರೆದಿದ್ದೆ. ಆ ಉತ್ತರ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

"ತಕ್ಷಣ ಶುರು ಮಾಡಬೇಡ," ಎಂದಳು ಸಹಪಾಠಿ. "ಮೈಯಲ್ಲಿ ತಾಮ್ರ ಕೂಡಿಕೊಳ್ಳುವ ಕಾಯಿಲೆಯೂ ಹೀಗೆ ಕಾಣಿಸಬಹುದು. ಅದಲ್ಲ ಅಂತ ಖಾತ್ರಿ ಮಾಡ್ಕೋ." ಭಾಲ್ಕಿಯಲ್ಲೇ ಕಣ್ಣಿನ ಡಾಕ್ಟರು ಕರಿಗುಡ್ಡೆಯ ಸುತ್ತ ಕಂದು ಉಂಗುರ ಇದೆಯೇ ನೋಡಿದರು, ಇರಲಿಲ್ಲ. ರಕ್ತ ಹೈದರಾಬಾದಿಗೆ ಹೋಯಿತು, ಐದು ದಿನಕ್ಕೆ ಸರಿಯಾಗಿದೆ ಎಂದು ಬಂತು.

ಇನ್ನು ಔಷಧಿ. ಬೀದರಿನಲ್ಲಿ ಒಂದು ವಾರ ನನ್ನ ದವಾಖಾನೆಯಲ್ಲಿ ಇರಿ, ಕಣ್ಣೆದುರು ಕೊಟ್ಟು ನೋಡುತ್ತೇನೆ ಎಂದು ಫೋನಿನಲ್ಲಿ ತಾಯಿಗೆ ಹೇಳಿದೆ. ಆಕೆ ಒಪ್ಪಲಿಲ್ಲ.

"ಬ್ಯಾಡ್ರಿ ಮೇಡಂ. ನಿಮ್ ದವಾಖಾನಿಗಿ ಐದ್ ಸಲ ಬಂದೀವಿ. ಈಗ ನೀವ್ ಬರ್ರಿ. ಸಂಜಿ ಬರ್ರಿ."

ಮೊದಲಾಗಿದ್ದರೆ ಫೋನ್ ಇಟ್ಟುಬಿಡುತ್ತಿದ್ದೆ. ಸಿಸ್ಟರನ್ನು ಕರೆದು, ಈ ವಾರ ಸಂಜೆ ದವಾಖಾನೆ ಬಂದ್ ಎಂದು ಬೋರ್ಡಿನ ಮೇಲೆ ಕಾಗದ ಅಂಟಿಸಲು ಹೇಳಿದೆ. ಊರಿನವರು ಗೊಣಗಿದರು. ಇಪ್ಪತ್ತು ವರ್ಷದಲ್ಲಿ ನೆಂಟರ ಮದುವೆಗಳಿಗೂ ಸಂಜೆ ಬಾಗಿಲು ಹಾಕಿದವಳಲ್ಲ ನಾನು. ಸಿಸ್ಟರ್ ಅಂಟು ಹಚ್ಚುತ್ತ, "ಅವತ್ ಸಂಜಿ ನಾ ಹೇಳಿದ್ದೆ ಅಲ್ರಿ" ಎಂದರು. ಅಷ್ಟೇ ಎಂದರು. ಹೂಂ ಎಂದೆ.

ಮೆಡಿಕಲ್ ಅಂಗಡಿಯವನು ಚೀಟಿ ನೋಡಿ, "ಇದು ಮುದುಕರ್ ಗೋಲಿ ಅದಲ್ರಿ ಮೇಡಂ, ಕೂಸಿನ ಹೆಸರ್ ಬರ್ದೀರಿ" ಎಂದು ವಾಪಸು ಕೊಟ್ಟ. ಸರಿಯಾಗಿಯೇ ಬರೆದಿದ್ದೇನೆ ಎಂದು ಹೇಳಿ ತೆಗೆದುಕೊಂಡು ಹೊರಟೆ. ಬೀದರಿನಿಂದ ಅವರ ಹಳ್ಳಿಗೆ ಒಂದೂಕಾಲು ತಾಸಿನ ದಾರಿ.

ಗುಳಿಗೆ ಮುಂಚಿನ ಸಂಜೆಯೇ ಕೊಟ್ಟುಬಂದು, ಮೊದಲ ದಿನ ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಅದರ ಕಾಲುಭಾಗ ಕೊಡಲು ಹೇಳಿದ್ದೆ. ಸಂಜೆ ನಾನು ಮುಟ್ಟುವಾಗ ಹುಡುಗಿ ವಾಂತಿ ಮಾಡಿಕೊಂಡು ಹೊರಸಿನ ಮೇಲೆ ಮಲಗಿದ್ದಳು. ಕಾಲು ಕಟ್ಟಿಗೆಯಾಗಿಯೇ ಇತ್ತು. ಎರಡನೆಯ ದಿನವೂ ವಾಂತಿ. ಅಪ್ಪ ಕುರಿ ದೊಡ್ಡಿಯ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದ, ಒಂದು ಮಾತೂ ಆಡಲಿಲ್ಲ. ಓಣಿಯ ಹೆಂಗಸರು ಮಾತ್ರ ಆಡಿದರು: "ಮೊದ್ಲ ನಾಟಕ ಅಂದ್ಲಂತ, ಈಗ ಗೋಲಿ ತಂದಾಳ್ ನೋಡ್." ನನಗೆ ಕೇಳಲಿ ಎಂದೇ ಆಡಿದರು.

ಮೂರನೆಯ ದಿನ ಪ್ರಮಾಣ ಇನ್ನೂ ಅರ್ಧ ಮಾಡಿದೆ. ಕಾಲುಭಾಗದ ಅರ್ಧ ಎಂದರೆ ಒಂದು ತೊಗರಿ ಕಾಳಿನಷ್ಟೂ ಇಲ್ಲ. ತಾಯಿ ಬ್ಲೇಡಿನಿಂದ ಕತ್ತರಿಸಿದಳು. ನನ್ನ ಕೈಯಲ್ಲಿ ಪುಡಿಯಾಗುತ್ತಿದ್ದ ಗುಳಿಗೆ ಅವಳ ಕೈಯಲ್ಲಿ ಅಳೆದಂತೆ ತುಂಡಾಯಿತು. ಹಾಲು ಮೊಸರಿನ ಜೊತೆ ಈ ಔಷಧಿ ಸರಿಯಾಗಿ ಹತ್ತುವುದಿಲ್ಲ, ಬೆಲ್ಲದ ನೀರಿನಲ್ಲಿ ಕೊಡು ಎಂದೆ. ವಾಂತಿ ನಿಂತಿತು. ಕಾಲು ಹಾಗೆಯೇ ಇತ್ತು. ನಾಲ್ಕನೆಯ ದಿನವೂ ಹಾಗೆಯೇ ಇತ್ತು.

ವಾಪಸು ಬರುವ ದಾರಿಯಲ್ಲಿ ನನ್ನ ತಲೆಯಲ್ಲಿ ಒಂದು ಯೋಚನೆ ಬಂತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಈ ಔಷಧಿ ನಾಟದೆ ಹೋದರೆ, ಇದು ವಾಸಿಯಾಗದ ಬೇರೆ ಯಾವುದೋ ಕಾಯಿಲೆಯಾದರೆ, ಏಳು ತಿಂಗಳು ತಡ ಮಾಡಿದ್ದರಿಂದ ಏನೂ ಕೆಟ್ಟಿಲ್ಲ ಎಂದಾಗುತ್ತದೆ. ನನ್ನ ತಪ್ಪು ಸಣ್ಣದಾಗುತ್ತದೆ. ಒಂದು ಕ್ಷಣ, ನಿಜವಾಗಿ ಒಂದು ಕ್ಷಣ, ಅದು ನಾಟದಿರಲಿ ಎಂದು ನನಗೆ ಅನ್ನಿಸಿತು. ಒಂಬತ್ತು ವರ್ಷದ ಕೂಸು ಜನ್ಮವಿಡೀ ತೆವಳಲಿ, ನನ್ನ ಮರ್ಯಾದೆ ಉಳಿಯಲಿ ಎಂದು. ಛೀ ಎಂದು ನನಗೆ ನಾನೇ ಅಂದುಕೊಂಡೆ, ಆದರೆ ಅನ್ನಿಸಿದ್ದು ಅನ್ನಿಸಿಬಿಟ್ಟಿತ್ತು. ಕಾರು ಪಕ್ಕಕ್ಕೆ ನಿಲ್ಲಿಸಿ ಅತ್ತುಬಿಟ್ಟೆ.

ಐದನೆಯ ದಿನ ಮತ್ತೆ ಕಾಲುಭಾಗಕ್ಕೆ ಏರಿಸಿ ದಿನಕ್ಕೆ ಎರಡು ಸಲ ಮಾಡಿದೆ. ಆರನೆಯ ದಿನ ಬೆಳಗಿನ ಹಳ್ಳಿಯವರೆಲ್ಲ ಮುಗಿಯುವಾಗ ತಡವಾಗಿ, ನಾನು ಅವರ ಅಂಗಳ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಹೊರಸಿನ ಮೇಲೆ ಹುಡುಗಿ ಇರಲಿಲ್ಲ.

"ಎಲ್ಲಿ ಕೂಸು?"

ತಾಯಿ ಕೈ ಮಾಡಿ ತೋರಿಸಿದಳು. ಹೊಲದ ಬದುವಿನಿಂದ ಕುರಿಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಒಂದು ಮರಿ ಗುಂಪು ಬಿಟ್ಟು ತೊಗರಿ ಸಾಲಿನೊಳಗೆ ನುಗ್ಗಿತು. ಅದರ ಹಿಂದೆ ಎರಡು ಜಡೆ ಓಡಿತು. "ಏ ಬಾಡ್ಯಾ, ನಿಂದ್ರ!" ಎಂದು ಹುಡುಗಿ ಕೂಗುತ್ತಿದ್ದಳು. ಮರಿಯ ಹಿಂಗಾಲು ಹಿಡಿದು, ಎತ್ತಿ ಹೆಗಲಿಗೆ ಹಾಕಿಕೊಂಡು ನಡೆದು ಬಂದಳು. ಎರಡೂ ಹಿಮ್ಮಡಿ ಮಣ್ಣಿನಲ್ಲಿ ಊರುತ್ತಿದ್ದವು. ಹೊತ್ತು ಮುಳುಗಿತ್ತು. ದೊಡ್ಡಿಯ ಬಾಗಿಲಲ್ಲಿ ಅಪ್ಪ ತಲೆಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ತಾಯಿ ನನ್ನ ಕೈ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ನಾನು ಎಂಥವಳು ನೋಡಿ, ಆಗಲೂ ಅದನ್ನೇ ಕಾಯುತ್ತಿದ್ದೆ. ಆಕೆ ಮಗಳಿಂದ ಕಣ್ಣು ತೆಗೆಯದೆ ಹೇಳಿದಳು:

"ಮೂರ್ ತಿಂಗಳ್ರಿ. ನನ್ ಕೂಸು ಈ ಅಂಗಳದಾಗ ತೆವಳ್ತಿತ್ತು. ಅವ್ವಾ ಅಂತಿತ್ತು. ನಾ ಬಾಗಲಾಗ ನಿಂತ್ ನೋಡ್ತಿದ್ದೆ, ಎತ್ತಲಿಲ್ರಿ. ನಿಮ್ ಮಾತ್ ಕೇಳಿ."

"ತಪ್ಪು ನಂದವ್ವ."

"ನಿಮ್ದೇರಿ," ಎಂದಳು. ಆಮೇಲೆ ಒಳಗೆ ಹೋಗಿ ಚಹಾ ಮಾಡಿ ತಂದಳು. ಕುಡಿದೆ.

ಮರುದಿನ ಶಾಲೆಗೆ ಹೋದೆ. ನನ್ನ ಚೀಟಿಯನ್ನು ಮಾಸ್ತರರು ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸಿ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಆಟದ ಪೀರಿಯಡಿನಲ್ಲಿ ಅದನ್ನು ನಂಬಿಯೇ ಅವಳನ್ನು ಮೈದಾನ ಸುತ್ತಿಸುತ್ತಿದ್ದರಂತೆ. "ಡಾಕ್ಟರೇ ಬರದಾರಂದ ಮ್ಯಾಲ ನಾವೇನ್ ಮಾಡೋದ್ರಿ" ಎಂದರು. ಅವರದೇನು ತಪ್ಪು! ಹೊಸ ಚೀಟಿ ಬರೆದುಕೊಟ್ಟೆ. ಮೊದಲಿನದು ಕಿತ್ತು ಕೊಡಿ ಎಂದರೆ ಅಂಟು ಬಿಡಲಿಲ್ಲ, ನನ್ನ ಸಹಿ ಇರುವ ಮೂಲೆ ರಟ್ಟಿನಲ್ಲೇ ಉಳಿಯಿತು.

ಇನ್ನು ಅತ್ತೆಯದು. ನಾನು ಮಕ್ಕಳ ಡಾಕ್ಟರು, ದೊಡ್ಡವರಿಗೆ ಬರೆಯುವಂತಿಲ್ಲ. ಬೀದರಿನ ಒಬ್ಬ ಫಿಜಿಷಿಯನ್ ಬಳಿ ನಾನೇ ಕರೆದುಕೊಂಡು ಹೋಗಿ, ಎಲ್ಲ ಕಥೆ ಹೇಳಿ, ಅದೇ ಗುಳಿಗೆ ಶುರು ಮಾಡಿಸಿದೆ. ಮೂವತ್ತು ವರ್ಷಕ್ಕೂ ಮೀರಿ ತಿರುಚಿದ ಕಾಲು, ಕೀಲುಗಳು ಬಿಗಿದಿರುತ್ತವೆ, ಹೆಚ್ಚು ಆಸೆ ಬೇಡ ಎಂದು ಇಬ್ಬರೂ ಹೇಳಿದೆವು. ಮೂರು ವಾರದ ಮೇಲೆ ಒಂದು ಸಂಜೆ ಆರು ಗಂಟೆಗೆ ಆಕೆ ನನ್ನ ದವಾಖಾನೆಗೆ ಬಂದಳು. ಆಗಲೇ ಬೋರ್ಡಿನ ಹಳೆಯ ಅಕ್ಷರ ಅಳಿಸಿ, "ತ್ರಾಸು ಯಾವಾಗ ಹೆಚ್ಚೋ ಆವಾಗ ಬನ್ನಿ" ಎಂದು ಸಿಸ್ಟರ್ ಬರೆಸಿದ್ದರು. ಆಕೆಯ ಎಡಪಾದ ಇನ್ನೂ ಸ್ವಲ್ಪ ಒಳಗಿತ್ತು. ಆದರೆ ಊರುಗೋಲು ಕಂಕುಳಲ್ಲಿತ್ತು, ನೆಲದ ಮೇಲಿರಲಿಲ್ಲ.

"ನಿನ್ನಿ ಹೊತ್ ಮುಳಗತನಕ ಮಿಷಿನ್ ತುಳದೆ ನೋಡ್ರಿ," ಎಂದಳು. "ಎರಡ್ ಜಂಪರ್ ಹೊಲ್ದೆ. ಸಾಕ್ ಏಳು ಅಂತ ಮಾಮಿ ಬೈದ್ಲು."

ನಾನು ನಕ್ಕೆ, ಆಕೆಯೂ ನಕ್ಕಳು. ಗುಳಿಗೆಯ ಪಟ್ಟಿಯನ್ನು ಚೀಲದಿಂದ ತೆಗೆದು ತಿರುವಿ ಮರುವಿ ನೋಡುತ್ತ ಕೂತಳು.

"ಮೇಡಂ, ಒಂದ್ ಮಾತ್ ಕೇಳ್ತೇನಿ, ಖರೇ ಹೇಳ್ರಿ. ಈ ಗೋಲಿ ಈಗ ಬಂದದೇನು? ಇಲ್ಲಾ ನಾ ಸಣ್ಣಾಕಿ ಇದ್ದಾಗೂ ಇತ್ತೇನ್ರಿ?"

ಈಚೆಗೆ ಬಂದದ್ದು ಎಂದುಬಿಡೋಣ ಅನ್ನಿಸಿತು. ಬಾಯಿಗೂ ಬಂದಿತ್ತು. ಆಕೆಗೆ ನೋವಾಗಬಾರದು ಎಂದು ಆ ಸುಳ್ಳಿಗೆ ಒಂದು ಒಳ್ಳೆಯ ಹೆಸರೂ ಸಿಕ್ಕಿತ್ತು.

"ಇತ್ತು," ಎಂದೆ. "ನೀವು ಹುಟ್ಟೋದಕ್ಕಿಂತ ಮೊದ್ಲೇ ಇತ್ತು."

ಆಕೆ ತಲೆ ಆಡಿಸಿದಳು. ಪಟ್ಟಿಯನ್ನು ಮಡಚಿ ಚೀಲದ ತಳಕ್ಕೆ ಇಟ್ಟಳು, ಅದರ ಮೇಲೆ ಕರ್ಚೀಫು ಇಟ್ಟಳು, ಜಿಪ್ಪು ಎಳೆದಳು. ಕತ್ತಲಾಗುತ್ತಿದೆ, ಕಾರಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಎಂದೆ.

"ಬ್ಯಾಡ್ರಿ ಮೇಡಂ," ಎಂದು ಎದ್ದು ನಿಂತಳು. "ಈ ಹೊತ್ನಾಗ ನಾ ಎಂದೂ ರಸ್ತಾದಾಗ ನಡದೇ ಇಲ್ಲ. ನಡಕೋತ ಹೋಗ್ತೇನಿ."